ನಮ್ಮವರಿಲ್ಲದ ಊರು

ಮೊನ್ನೆ ಭಾನುವಾರ ಬೊರಿವಲಿಯಿಂದ ಬಂದ ಮೊಮ್ಮಗಳು ತನ್ನ ಫೋನನ್ನು ನನ್ನ ಮೂಗಿನ ಹತ್ತಿರ ಹಿಡಿದಳು. ಅದರಲ್ಲೊಂದು ಹೋಟೆಲಿನ ಕೋಣೆ. ಬೆಳ್ಳಗಿನ ಹಾಸಿಗೆ, ಅದರ ಮೇಲೆ ಟವೆಲ್ಲನ್ನೇ ಮಡಚಿ ಕೂರಿಸಿದ ಹಂಸ. "ಅಜ್ಜಿ, ಯೇ ಠೀಕ್ ಹೈ ನಾ? ನೋಡು, ಬಾಲ್ಕನಿ ಭೀ ಇದೆ" ಅಂದಳು. ಅವಳ ಕನ್ನಡ ದಾದರ್ ಸ್ಟೇಷನ್ನಿನ ಹಾಗೆ, ಎಲ್ಲ ಲೈನುಗಳೂ ಬಂದು ಸೇರುತ್ತವೆ. ನನ್ನನ್ನೂ ಅವಳ ಅಜ್ಜನನ್ನೂ ಈ ಸಲ ಉದಯಪುರಕ್ಕೆ ಕಳಿಸಿಯೇ ತೀರುವ ಉಮೇದಿನಲ್ಲಿದ್ದಾಳೆ. ನಾನು ಆ ಹಾಸಿಗೆಯನ್ನೇ ನೋಡುತ್ತ ಕೂತೆ. ಹಾಲು ಉಕ್ಕುವಷ್ಟರಲ್ಲಿ ಬೆರಳಿನಿಂದ ಒತ್ತಿ ಪಡೆಯುವ ಇಂಥದೊಂದು ಕೋಣೆಗಾಗಿ ನಾನು ಒಂದು ಕಾಲದಲ್ಲಿ ಅರ್ಧ ಭಾರತ ಸುತ್ತಿದ್ದೆ.

ನೀವು ನನ್ನನ್ನು ಕಂಡವರಲ್ಲ, ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ. ನಾನು ಕೂತಲ್ಲಿ ಕೂರುವ ಪೈಕಿ ಅಲ್ಲ. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವಳು ಅಂತ ಅವ್ವ ಬಯ್ಯುತ್ತಿದ್ದಳು. ಅಂಥವಳನ್ನು ಮದುವೆ ಮಾಡಿ, ವಿಜಾಪುರದಿಂದ ತಂದು ಮುಂಬೈಯ ಚೆಂಬೂರಿನಲ್ಲಿ, ಒಂದೇ ಗ್ಯಾಲರಿಗೆ ಸಾಲುಮನೆಗಳಿರುವ ಒಂದು ಚಾಳಿನಲ್ಲಿ ಇಳಿಸಿದರು. ಎಪ್ಪತ್ತರ ದಶಕದ ಮೊದಲ ವರ್ಷಗಳವು. ಮನೆ ಅಂದರೆ ಒಂದು ಖೋಲಿ, ಒಂದು ಅಡುಗೆಮನೆ. ಖೋಲಿಯಲ್ಲಿ ಅತ್ತೆಯವರು. ರಾತ್ರಿಯಾದರೆ ಅಡುಗೆಮನೆಯ ಪಾತ್ರೆಗಳನ್ನು ಗೋಡೆಗೆ ಸರಿಸಿ, ನೆಲ ಒರೆಸಿ, ಅಲ್ಲಿಯೇ ನಮ್ಮಿಬ್ಬರ ಹಾಸಿಗೆ. ಹಗಲೆಲ್ಲ ದುಡಿದ ಒಲೆಯ ಪಕ್ಕದಲ್ಲೇ ರಾತ್ರಿ ಮಲಗಬೇಕು. ಮಗ್ಗುಲು ಬದಲಿಸಿದರೆ ಒಂದು ಸೌಟು ಬೀಳುತ್ತಿತ್ತು, ಸೌಟು ಬಿದ್ದರೆ ಆಚೆಯಿಂದ ಅತ್ತೆಯವರು ಕೆಮ್ಮುತ್ತಿದ್ದರು. ಹಗಲಲ್ಲಿ ಬಾಗಿಲು ಮುಚ್ಚುವ ಪದ್ಧತಿ ಚಾಳಿನಲ್ಲಿ ಇರಲಿಲ್ಲ. ಮುಚ್ಚಿದರೆ, ಒಳಗೆ ಯಾರಿಗೋ ಹುಷಾರಿಲ್ಲವೆಂದು ಇಡೀ ಗ್ಯಾಲರಿ ಬಂದು ಬಾಗಿಲು ಬಡಿಯುತ್ತಿತ್ತು. ನಾನು ಆ ಗ್ಯಾಲರಿಯ ಕಟಕಟೆ ಹಿಡಿದು, ಕುರ್ಲಾದ ಕಡೆ ಹೋಗುವ ಲೋಕಲ್ಲಿನ ಸದ್ದು ಕೇಳುತ್ತ ನಿಂತಿರುತ್ತಿದ್ದೆ. ಒಳಗಿನಿಂದ ಯಾರಾದರೂ ಕರೆಯುವವರೆಗೆ ಮಾತ್ರ.

ವರ್ಷಕ್ಕೊಮ್ಮೆ ರಜೆ ಬರುತ್ತಿತ್ತು. ಮುಂಬೈಯ ಕನ್ನಡಿಗರಿಗೆ ರಜೆ ಅಂದರೆ ಒಂದೇ ಅರ್ಥ, ಊರಿಗೆ ಹೋಗುವುದು. ಗಂಡನ ಕಡೆಯಿಂದ ನಮ್ಮ ಊರು ಧಾರವಾಡ. ಅಲ್ಲಿ ಅಡುಗೆಮನೆ ಇನ್ನೂ ದೊಡ್ಡದಿತ್ತು, ಅಷ್ಟೇ ಬದಲಾವಣೆ.

ಹೀಗಿರುವಾಗ ಒಂದು ಸಂಜೆ ಇವರು ಪರೇಲಿನ ಆಫೀಸಿನಿಂದ ಬಗಲಲ್ಲಿ ದಪ್ಪನೆಯ ರೈಲ್ವೆ ಟೈಮ್‌ಟೇಬಲ್ ಇಟ್ಟುಕೊಂಡು ಬಂದರು. ಆಫೀಸಿನಲ್ಲಿ ಎಲ್‌ಟಿಸಿ ಮಂಜೂರಾಗಿತ್ತು. ಭಾರತದಲ್ಲಿ ಎಲ್ಲಿಗಾದರೂ ಹೋಗಿಬನ್ನಿ, ಗಂಡಹೆಂಡಿರ ರೈಲು ಟಿಕೆಟು ಕಂಪನಿಯದು. "ಎಲ್ಲಿಗೆ ಹೋಗೋಣು?" ಎಂದು ಇವರು ಕೇಳಿದಾಗ, ಮದುವೆಯಾದ ಮೇಲೆ ನನ್ನನ್ನು ಯಾರೋ ಮೊದಲ ಸಲ ಒಂದು ಪ್ರಶ್ನೆ ಕೇಳಿದರು ಅನ್ನಿಸಿತು. "ಎಲ್ಲಿಗಾದ್ರೂ. ಊರಿಗೆ ಮಾತ್ರ ಬ್ಯಾಡ್ರಿ" ಅಂದೆ.

ಇವರಿಗೆ ಪ್ಲಾನು ಹಾಕುವುದೆಂದರೆ ಹಬ್ಬ. ದಿನಾಲು ಸಂಜೆ ಶಾಲೆಯ ಗೋಡೆಗೆ ತೂಗುಹಾಕುವಂಥ ದೊಡ್ಡ ಭಾರತದ ನಕಾಶೆ ನೆಲದ ಮೇಲೆ ಹರಡುತ್ತಿತ್ತು. ಅತ್ತೆಯವರು ಮಣೆ ಹಾಕಿಕೊಂಡು ನೇರವಾಗಿ ರಾಜಸ್ಥಾನದ ಮೇಲೆ ಕೂತಿರುತ್ತಿದ್ದರು. "ಅವ್ವಾ, ಸ್ವಲ್ಪ ಗುಜರಾತಿಗೆ ಸರೀ" ಎಂದು ಇವರು ಬೇಡಿಕೊಳ್ಳುತ್ತಿದ್ದರು. ಅಹಮದಾಬಾದು, ಜಯಪುರ, ದಿಲ್ಲಿ, ಆಗ್ರಾ, ಝಾನ್ಸಿ, ಭೋಪಾಳ, ಮತ್ತೆ ಮುಂಬೈ. ಎಲ್ಲವನ್ನೂ ಸುತ್ತಿಬರುವ ಒಂದೇ ಟಿಕೆಟು, ಬೇಕಾದ ಊರಿನಲ್ಲಿ ಇಳಿದು ಹತ್ತಬಹುದು. ಯಾವ ಗಾಡಿ ಎಲ್ಲಿ ಬ್ರಾಡ್‌ಗೇಜು, ಎಲ್ಲಿ ಮೀಟರ್‌ಗೇಜು ಎಂದು ನನಗೂ ಬಾಯಿಪಾಠವಾಯಿತು. ಅನ್ನಕ್ಕೆ ಎಸರಿಟ್ಟು ನಾನು ಅಜ್ಮೀರದಲ್ಲಿ ಗಾಡಿ ಬದಲಿಸುತ್ತಿದ್ದೆ.

ವಸತಿಯ ಮಾತು ಬಂದಾಗ ಇವರು, "ಜಯಪುರದಾಗ ಸ್ಟೇಷನ್ ಮುಂದನ ಒಂದು ಹೋಟೆಲ್ ಅದ ಅಂತ. ರೂಮಿಗೆ ಅಟ್ಯಾಚ್ಡ್ ಬಾತ್‌ರೂಮು" ಅಂದರು. ಅತ್ತೆಯವರು ಬತ್ತಿ ಹೊಸೆಯುವುದನ್ನು ನಿಲ್ಲಿಸಿದರು. "ಹೋಟೆಲಿನ್ಯಾಗ ಚಾ ಕುಡೀತಾರ. ಮಲಗೂದು ಮನ್ಯಾಗ" ಅಂದರು. ನನಗಾದರೋ ಅಟ್ಯಾಚ್ಡ್ ಎಂಬ ಆ ಇಂಗ್ಲಿಷ್ ಪದ ಕೇಳಿಯೇ ಎದೆ ಹೊಡೆದುಕೊಂಡಿತು. ನಸುಕಿನಲ್ಲಿ ತಂಬಿಗೆ ಹಿಡಿದು ಗ್ಯಾಲರಿಯ ತುದಿಯಲ್ಲಿ ಪಾಳಿ ನಿಂತವರಿಗೆ ಅದರ ಸುಖ ಗೊತ್ತು. ಒಂದು ಕೋಣೆ, ಅದಕ್ಕೊಂದು ಒಳಚಿಲಕ, ಚಿಲಕ ಹಾಕಿದರೆ ಕರೆಯುವವರಿಲ್ಲ, ಮುಖ್ಯವಾಗಿ ಅಲ್ಲಿ ಒಲೆಯೇ ಇಲ್ಲ. ಇದಿಷ್ಟೇ ನನಗೆ ಬೇಕಾದ ಭಾರತ ದರ್ಶನ. ಆದರೆ ಅತ್ತೆಯವರ ಎದುರು ಹೊಸ ಸೊಸೆ ಹೀಗೆಂದು ಹೇಳುವುದುಂಟೇ? ಗಂಡನ ಜೊತೆ ಕೋಣೆ ಬೇಕು ಅಂದಂತಾಗುತ್ತದೆ. ಅದೂ ಸುಳ್ಳಾಗಿರಲಿಲ್ಲ.

ಅದಕ್ಕೇ ನಾನು ಸುತ್ತುಬಳಸಿ ಒಂದು ಮಾತು ಕೇಳಿದೆ. "ಜಯಪುರದಾಗ ನಮ್ಮವರು ಯಾರರ ಅದಾರೇನ್ರಿ?"

ಇಲ್ಲಿ ಈ 'ನಮ್ಮವರು' ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಕಡೆ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ. 'ನಮ್ಮವರು ಆಫೀಸಿಗೆ ಹೋಗ್ಯಾರ' ಅನ್ನುತ್ತಾಳೆ. ಆದರೆ ಧಾರವಾಡ, ಬೆಳಗಾವಿ, ವಿಜಾಪುರಗಳಲ್ಲಿ ಹುಟ್ಟಿ ನಮ್ಮ ಹಾಗೆ ಮಾತಾಡುವ ಎಲ್ಲರೂ ನಮ್ಮವರೇ. ಲೋಕಲ್ಲಿನ ಗರ್ದಿಯಲ್ಲಿ ಯಾರಾದರೂ ಕಾಲು ತುಳಿಸಿಕೊಂಡು 'ಯವ್ವಾ' ಅಂದರೆ ಸಾಕು, ನಾಲ್ಕು ಸೀಟು ಆಚೆಯಿಂದ ಇವರು "ನಿಮ್ಮ ಊರು ಯಾವುದರೀ?" ಅನ್ನುತ್ತಿದ್ದರು. ಇಳಿಯುವ ಸ್ಟೇಷನ್ ಬರುವಷ್ಟರಲ್ಲಿ ಹಳೆಯ ಸಂಬಂಧವೊಂದು ಹೊರಬಿದ್ದಿರುತ್ತಿತ್ತು. ಹೊಸ ಊರಿನ ಹೆಸರು ಬಂದಾಗ 'ಅಲ್ಲೆ ನಮ್ಮವರು ಯಾರರ ಅದಾರೇನು' ಎಂದು ಕೇಳುವುದು ನಮ್ಮ ಜನಕ್ಕೆ ಉಸಿರಾಡಿದಷ್ಟು ಸಹಜ. ಕೇಳುವವರು ಭಯದಿಂದ ಕೇಳುತ್ತಾರೆ, ಉತ್ತರ ಕೊಡುವವರು ಧೈರ್ಯ ಕೊಡುತ್ತಾರೆ.

ನಾನು ಕೇಳಿದ್ದು ಉಲ್ಟಾ. ಇಲ್ಲ ಅನ್ನಲಿ ಎಂದು ಕೇಳಿದ್ದೆ. ಇವರು ನನ್ನ ಮುಖ ನೋಡಿ, ಪಾಪ, ಹುಡುಗಿ ಹೆದರಿದ್ದಾಳೆ ಎಂದುಕೊಂಡರು. ಅಂದಿನಿಂದ ನಮ್ಮವರು ನಮ್ಮವರನ್ನು ಹುಡುಕಹೊರಟರು. ಮಾಟುಂಗಾದ ಕಿರಾಣಿ ಅಂಗಡಿಯಲ್ಲಿ ವಿಚಾರಿಸಿದರು, ಗಣಪತಿ ಮಂಡಳಿಯಲ್ಲಿ ವಿಚಾರಿಸಿದರು, ದಿನಾಲು ತಮ್ಮ ಜೊತೆ ಲೋಕಲ್ಲಿನಲ್ಲಿ ಇಸ್ಪೀಟಾಡುವವರನ್ನೆಲ್ಲ ಕೇಳಿದರು. ನಾಲ್ಕೇ ದಿನಕ್ಕೆ ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಹೇಳಿದರು.

"ಸಿಕ್ಕರು! ಜಯಪುರದಾಗ ವಿಮಾ ಆಫೀಸಿನ್ಯಾಗ ಇದ್ದಾರ. ನಮ್ಮ ಕಾಕಾನ ಬೀಗರ ಪೈಕಿ."

ನನ್ನ ಅಟ್ಯಾಚ್ಡ್ ಬಾತ್‌ರೂಮು ಹೋಯಿತು. ದಿಲ್ಲಿಗೆ ಕೇಳಿದೆ. ದಿಲ್ಲಿಯಲ್ಲಿ ಇವರ ಅಣ್ಣನ ವರಸೆಯವರೇ ಇದ್ದರು. ಅಹಮದಾಬಾದಿಗೆ ಕೇಳಿದೆ. ಅತ್ತೆಯವರೇ ಉತ್ತರಿಸಿದರು, ಅವರ ಗೆಳತಿಯ ಮಗಳನ್ನು ಅಲ್ಲಿಗೇ ಕೊಟ್ಟಿತ್ತು. ಭೋಪಾಳಿನಲ್ಲಿ ಒಬ್ಬರು ಮಾಮಾ ಹುಟ್ಟಿಕೊಂಡರು. ನಾನು ಕೇಳುತ್ತಲೇ ಹೋದೆ, ಇವರು ಹುಡುಕುತ್ತಲೇ ಹೋದರು. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಅನ್ನುತ್ತಾರಲ್ಲ, ಇಲ್ಲಿ ಪೂಜಾರಿ ಪ್ರೀತಿಯಿಂದಲೇ ಕೊಡುತ್ತಿರಲಿಲ್ಲ. ಅದಕ್ಕೇ ಸಿಟ್ಟಿಗೆ ಬರಲೂ ಆಗದೆ ನಾನು ಗ್ಯಾಲರಿಯಲ್ಲಿ ಶತಪಥ ಹಾಕುತ್ತಿದ್ದೆ.

ಆಗ್ರಾಕ್ಕೆ ದಿಲ್ಲಿಯ ಮನೆಯೇ ಸಾಕಾಯಿತು. ಕೊನೆಗೆ ಉಳಿದದ್ದು ಝಾನ್ಸಿ. ಅಲ್ಲಿ ಯಾರೂ ಸಿಗಲಿಲ್ಲ. ನಾನು ಒಳಗೊಳಗೇ ದೀಪ ಹಚ್ಚಿದೆ. ಅಷ್ಟರಲ್ಲಿ ಇವರ ಆಫೀಸಿನ ಯಾರೋ, ಝಾನ್ಸಿಯಲ್ಲಿ ಒಬ್ಬ ಜೋಶಿ ಇಂಜಿನಿಯರ್ ಇದ್ದಾರೆಂದು ವಿಳಾಸ ಕೊಟ್ಟರು. "ಯಾವ ಜೋಶೀನೋ ಏನೋ" ಎಂದು ನಾನು ಸಣ್ಣದೊಂದು ಅಪಸ್ವರ ತೆಗೆದೆ. "ಜೋಶಿ ಅಂದಮ್ಯಾಲೆ ನಮ್ಮವರನ" ಎಂದು ಇವರು ಶುದ್ಧ ಧಾರವಾಡ ಕನ್ನಡದಲ್ಲಿ ಒಂದು ಪತ್ರ ಬರೆದು ಹಾಕಿದರು. ಉತ್ತರ ಬರಲಿಲ್ಲ. ಇವರ ಧೈರ್ಯ ಕುಂದಲಿಲ್ಲ. "ಹೊರಗಿನವರು ಉತ್ತರ ಬರೀತಾರ. ನಮ್ಮವರು ದಾರಿ ಕಾಯ್ತಾರ" ಅಂದರು.

ಉಳಿದವರೆಲ್ಲ ಉತ್ತರ ಬರೆದಿದ್ದರು, ಎಲ್ಲರೂ ಮಾತಾಡಿಕೊಂಡವರಂತೆ ಒಂದೇ ಸಾಲು: ಹೋಟೆಲಿನಲ್ಲಿ ಇಳಿದರೆ ಮುಖ ತೋರಿಸಬೇಡಿ, ಬರುವಾಗ ಜೋಳದ ಹಿಟ್ಟು ತನ್ನಿ, ನಿಮ್ಮ ಮನೆಯವರ ಕೈಯ ರೊಟ್ಟಿ ತಿನ್ನೋಣ. ಉತ್ತರದ ಊರುಗಳಲ್ಲಿ ನಮ್ಮ ಜೋಳ ಸಿಗುವುದಿಲ್ಲ, ಸಿಕ್ಕರೂ ಅದು ನಮ್ಮ ಜೋಳವಲ್ಲ. ಅತ್ತೆಯವರನ್ನು ಬೊರಿವಲಿಯ ನಾದಿನಿಯ ಮನೆಗೆ ಬಿಟ್ಟು ನಾವು ಬಾಂಬೆ ಸೆಂಟ್ರಲ್ಲಿನಲ್ಲಿ ಗಾಡಿ ಹತ್ತಿದಾಗ, ನಮ್ಮ ಜೊತೆ ಒಂದು ಟ್ರಂಕು, ಹಾಸಿಗೆ ಸುತ್ತಿದ ಒಂದು ಹೋಲ್ಡಾಲು, ಮತ್ತು ನನ್ನ ತೊಡೆಗಿಂತ ಎತ್ತರದ ಒಂದು ಹಿಟ್ಟಿನ ಡಬ್ಬಿ ಇತ್ತು.

ಅಹಮದಾಬಾದಿನಲ್ಲಿ ರೊಟ್ಟಿ ಬಡಿದೆ. ಜಯಪುರದಲ್ಲಿ, ಕೈಕಾಲು ತೊಳೆದು ಬರುವುದರೊಳಗೆ ಆ ಮನೆಯ ವೈನಿ, ಅಂದರೆ ಅತ್ತಿಗೆ, "ಊರಿಗೆ ಬಂದಾಕಿ ನೀರಿಗೆ ಬರದ ಇರ್ತಾಳೇನು, ಬಾರವಾ" ಎಂದು ನಗುತ್ತ ಒಲೆಯ ಮುಂದೆ ಮಣೆ ಹಾಕಿದರು. ದಿಲ್ಲಿಯಲ್ಲಿ ಸುತ್ತಲಿನ ಕನ್ನಡದ ಮನೆಗಳಿಗೆಲ್ಲ ಹೇಳಿಕಳಿಸಿದ್ದರು. ಇವರು ಪಡಸಾಲೆಯಲ್ಲಿ ಎಲೆ ಅಡಿಕೆ ಹಾಕಿಕೊಂಡು ದೇಶದ ರಾಜಕಾರಣ ಮಾತಾಡಿದರು, ನಾನು ಒಳಗೆ ದೇಶಕ್ಕೆ ರೊಟ್ಟಿ ಬಡಿದೆ. ಆಗ್ರಾಕ್ಕೆ ದಿಲ್ಲಿಯಿಂದಲೇ ಹೋಗಿಬಂದೆವು. ತಾಜಮಹಲು ಹೇಗಿತ್ತು ಎಂದು ಊರಲ್ಲಿ ಎಲ್ಲರೂ ಕೇಳಿದರು. ಬೆಳ್ಳಗಿತ್ತು. ನನ್ನ ಉಗುರಿನಲ್ಲಿ ಒಣಗಿದ ಹಿಟ್ಟೂ ಬೆಳ್ಳಗಿತ್ತು, ಅದನ್ನು ಕೆರೆಯುತ್ತ ನೋಡಿದ್ದು ನೆನಪಿದೆ.

ಆ ಹೆಂಗಸರು ಕೆಟ್ಟವರೆಂದು ಮಾತ್ರ ತಿಳಿಯಬೇಡಿ. ಜಯಪುರದ ವೈನಿ ನಾವು ಹೊರಟಾಗ ನನ್ನ ಕೈ ಹಿಡಿದು ಬಿಡಲೇ ಇಲ್ಲ. ಹೆಣ್ಣುಮಕ್ಕಳ ಜೊತೆ ಕನ್ನಡ ಮಾತಾಡಿ ಎಷ್ಟು ದಿನವಾಯಿತೋ ಎಂದು ಕಣ್ಣೀರು ತೆಗೆದರು. ಅವರಿಗೆ ಬೇಕಾದದ್ದು ನನ್ನಲ್ಲಿ ಸಿಕ್ಕಿತ್ತು. ನನಗೆ ಬೇಕಾದದ್ದು ಅವರ ಮನೆಯಲ್ಲಿ ಇರಲಿಲ್ಲ, ಅಷ್ಟೇ. ಗಾಡಿಯಲ್ಲಿ ಕೂತರೆ ಇಳಿಯಬೇಕು ಅನ್ನಿಸುತ್ತಿತ್ತು, ಇಳಿದರೆ ಮತ್ತೆ ಗಾಡಿಯೇ ಮೇಲು ಅನ್ನಿಸುತ್ತಿತ್ತು. ದಿಲ್ಲಿ ಬಿಡುವಾಗ ಉಳಿದ ಹಿಟ್ಟನ್ನೆಲ್ಲ ಡಬ್ಬಿಯ ಸಮೇತ ಅಲ್ಲಿಯೇ ದಾನ ಮಾಡಿದೆ. ನನ್ನ ದೊಡ್ಡ ಮನಸ್ಸನ್ನು ಎಲ್ಲರೂ ಹೊಗಳಿದರು.

ಝಾನ್ಸಿಯಲ್ಲಿ ಬೆಳಿಗ್ಗೆ ಇಳಿದು ಟಾಂಗಾ ಮಾಡಿಕೊಂಡು ಜೋಶಿಯವರ ಬಾಗಿಲಿಗೆ ಹೋದೆವು. ಎತ್ತರದ, ಕೆಂಪು ಮೈಬಣ್ಣದ ಮನುಷ್ಯ ಬಾಗಿಲು ತೆಗೆದರು. ಇವರು ಎರಡೂ ಕೈ ಜೋಡಿಸಿ, "ನಾವು ಮುಂಬೈಯಿಂದ ಬಂದೀವ್ರಿ. ಪತ್ರ ಮುಟ್ಟಿರಬೇಕಲ್ಲ?" ಅಂದರು. ಆ ಮನುಷ್ಯ ಸ್ವಲ್ಪ ಹೊತ್ತು ಇವರ ಬಾಯಿಯನ್ನೇ ನೋಡಿ, ಒಳಗೆ ಹೋಗಿ, ಒಂದು ಪತ್ರ ತಂದು, ಹಿಂದಿಯಲ್ಲಿ ಬಹಳ ವಿನಯದಿಂದ ಕೇಳಿದರು: ಇದು ತೆಲುಗೋ ತಮಿಳೋ? ಆಫೀಸಿನಲ್ಲಿ ಎಲ್ಲರಿಗೂ ತೋರಿಸಿದೆ, ಓದುವವರು ಸಿಗಲಿಲ್ಲ, ದಯವಿಟ್ಟು ಓದಿ ಹೇಳುತ್ತೀರಾ?

ಅವರು ಅಲ್ಮೋಡದ ಕಡೆಯ ಜೋಶಿ. ಹಿಮಾಲಯದ ಬುಡದಲ್ಲೂ ಜೋಶಿಗಳು ಇರುತ್ತಾರೆಂದು ನಮಗೆ ಯಾರು ಹೇಳಬೇಕು? ಹೆಚ್ಚೆಂದರೆ ಮರಾಠಿ ಜೋಶಿ ಇರಬಹುದೆಂಬ ಸಂಶಯ ಮಾತ್ರ ನಮಗಿತ್ತು. ಇವರು ಆ ಮನೆಯ ಸೋಫಾದ ತುದಿಯಲ್ಲಿ ಕೂತು, ತಮ್ಮ ಪತ್ರವನ್ನು ತಾವೇ ಹಿಂದಿಗೆ ಹೊರಳಿಸಿ ಓದಿದರು. "ನೀವು ನಮ್ಮವರೇ ಆದ್ದರಿಂದ ಸಂಕೋಚವಿಲ್ಲದೆ ಬರುತ್ತಿದ್ದೇವೆ" ಎಂಬಲ್ಲಿಗೆ ಬಂದಾಗ ಇವರ ದನಿ ಇಳಿದುಹೋಯಿತು. ಪುಣ್ಯಾತ್ಮರು ಚಹಾ ಕೊಟ್ಟರು, ಇಲ್ಲಿಯೇ ಇರಿ ಅಂತಲೂ ಅಂದರು. ಇವರು ಇರಲಾರದೆ ಎದ್ದರು. ಬೀದಿಯಲ್ಲಿ ಹೋಲ್ಡಾಲಿನ ಪಕ್ಕ ನಿಂತ ಇವರ ಮುಖ ನೋಡಲಾಗುತ್ತಿರಲಿಲ್ಲ. ನಾನು ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದೆ. ಅಳುತ್ತಿದ್ದೇನೆ ಎಂದುಕೊಂಡು ಇವರು ಇನ್ನೂ ಕುಗ್ಗಿದರು.

ಹೀಗೆ ನನಗೆ ನನ್ನ ಕೋಣೆ ಸಿಕ್ಕಿತು. ಸ್ಟೇಷನ್ನಿನ ಎದುರಿನ ಲಾಡ್ಜು, ಮೇಲಿನ ಮಹಡಿ. ಗೋಡೆಗೆ ನೀಲಿ ಸುಣ್ಣ, ಎರಡು ಕಬ್ಬಿಣದ ಮಂಚ, ಫಿನೈಲಿನ ವಾಸನೆ. ಮಧ್ಯಾಹ್ನದ ಬಿಸಿಲಿತ್ತು. ನಾನು ಮೊದಲು ಮಾಡಿದ ಕೆಲಸ ಒಳಗಿನಿಂದ ಚಿಲಕ ಹಾಕಿದ್ದು. ಆಮೇಲೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಕೂತೆ, ಎದ್ದೆ. ಕಸಬರಿಗೆಗಾಗಿ ಮಂಚದ ಕೆಳಗೆ ಬಗ್ಗಿ ನೋಡಿದೆ. ಸೆರಗಿನಿಂದ ಕಿಟಕಿಯ ಸರಳು ಒರೆಸಿದೆ. ಕೆಳಗಿನಿಂದ ಚಹಾ ಬಂತು. ಯಾರೋ ಕಾಸಿದ್ದು, ಯಾರೋ ಸೋಸಿದ್ದು, ಕಪ್ಪು ತೊಳೆಯುವುದೂ ಯಾರದೋ ಕೆಲಸ. ಒಂದು ಗುಟುಕು ಕುಡಿದದ್ದೇ ನನಗೆ ಅಳು ಬಂತು. ಈ ಸಲ ನಿಜವಾಗಿಯೂ.

"ಹಗಲಿನ್ಯಾಗ ಬಾಗಲಾ ಯಾಕ ಹಾಕ್ದಿ? ಯಾರರ ಬಂದ್ರ?" ಎಂದು ಇವರು ಕೇಳಿದರು.

"ಯಾರ ಬರ್ತಾರ್ರಿ? ಇಲ್ಲೆ ನಮ್ಮವರು ಯಾರೂ ಇಲ್ಲ."

"ಹೌದು ನೋಡು, ನಿನಗ ಭಾಳ ತ್ರಾಸ ಕೊಟ್ಟೆ. ಸಂಜೀ ಗಾಡಿ ಅದ. ಭೋಪಾಳಕ್ಕ ಹೋಗಿಬಿಡೋಣು, ಅಲ್ಲೆ ಮಾಮಾ ಅದಾರ."

"ತ್ರಾಸ ಅಲ್ರಿ. ಇದಕ್ಕಂತನ ನಾ ಬಂದದ್ದು."

"ಇದಕ್ಕ ಅಂದ್ರ?"

"ನಮ್ಮವರು ಇಲ್ಲದ ಊರಿಗೆ."

ಇವರಿಗೆ ತಿಳಿಯಲು ಬಹಳ ಹೊತ್ತು ಬೇಕಾಯಿತು. "ಮತ್ತ ನೀನ ಪ್ರತಿಯೊಂದ ಊರಿಗೂ ನಮ್ಮವರು ಅದಾರೇನು, ನಮ್ಮವರು ಅದಾರೇನು ಅಂತ ಕೇಳ್ತಿದ್ದೆಲ್ಲಾ?"

"ಇಲ್ಲ ಅಂತೀರೇನೋ ಅಂತ ಕೇಳ್ತಿದ್ದೆ."

ಇವರು ಮಂಚದ ಮೇಲೆ ಕೂತು ತಮ್ಮ ಕಾಲಿನ ಹೆಬ್ಬೆರಳನ್ನೇ ನೋಡುತ್ತಿದ್ದರು. ಹೊರಗೆ ಒಂದು ಇಂಜಿನ್ನು ಶಂಟಿಂಗ್ ಮಾಡುತ್ತಿತ್ತು. ಆಮೇಲೆ ಇವರು ತಲೆ ಎತ್ತಿ, ನನ್ನನ್ನು ಅಲ್ಲ, ಬಾಗಿಲಿನ ಚಿಲಕವನ್ನು ನೋಡುತ್ತ, "ಮಾಮಾಗ ಒಂದ ದಿನ ತಡಾ ಆಗ್ತದ ಅಂತ ತಾರ್ ಕೊಡ್ತೀನಿ" ಅಂದರು. ಕೊಟ್ಟೂ ಬಂದರು. ಆ ಒಂದು ದಿನ ನಾನು ಒಲೆ ನೋಡಲಿಲ್ಲ, ಕೋಟೆಯನ್ನೂ ನೋಡಲಿಲ್ಲ. ಝಾನ್ಸಿಯ ಬಗ್ಗೆ ನನ್ನನ್ನು ಏನೂ ಕೇಳಬೇಡಿ.

ಅಂದಿನಿಂದ ಇವರು ಬದಲಾದರು. ಮುಂದಿನ ಎಲ್‌ಟಿಸಿಗೆ ಮದುರೈ, ರಾಮೇಶ್ವರ. ಅಲ್ಲಿ ನಮ್ಮವರು ಯಾರಿದ್ದಾರೆಂದು ಅತ್ತೆಯವರು ಕೇಳಿದಾಗ, "ಯಾರೂ ಇಲ್ಲ ಅವ್ವಾ" ಎಂದು ಕಣ್ಣು ಮಿಟುಕಿಸದೆ ಸುಳ್ಳು ಹೇಳಿದರು. ನನಗೆ ಗೆದ್ದ ಹಾಗಾಯಿತು. ಆದರೆ ಮದುರೈಯ ಗುಡಿಯ ಪ್ರಾಕಾರದಲ್ಲಿ ಒಂದು ಸಂಸಾರ ದಾರಿ ತಪ್ಪಿ ನಿಂತಿತ್ತು. "ಎಲ್ಲಿಂದ ಬಂದ್ವಿ, ಎತ್ತಾಗ ಹೋಗೂದು, ಚಪ್ಪಲ್ ಎಲ್ಲೆ ಬಿಟ್ವಿ?" ಎಂದು ಮುದುಕಿಯೊಬ್ಬಳು ತಾರಕದಲ್ಲಿ ಕೇಳುತ್ತಿದ್ದಳು. ನಮ್ಮ ಓಣಿಯದೇ ಕನ್ನಡ. ಇವರ ಮುಖ ಅರಳಿತು, ಬಾಯಿ ತೆರೆಯಿತು. ಆಮೇಲೆ ನನ್ನ ಕಡೆ ನೋಡಿದರು, ಬಾಯಿ ಮುಚ್ಚಿತು. ಹತ್ತಿರ ಹೋಗಿ ಆ ಧಾರವಾಡದವರಿಗೆ ನಮ್ಮ ಧಾರವಾಡದವರು ಹರಕುಮುರುಕು ಹಿಂದಿಯಲ್ಲಿ ದಾರಿ ತೋರಿಸಿದರು. ಅವರು ಇನ್ನೂ ಹರಕು ಹಿಂದಿಯಲ್ಲಿ ಉಪಕಾರ ಸ್ಮರಿಸಿ ಹೋದರು. ನಾನು ಕಂಬಕ್ಕೆ ಮುಖ ಒತ್ತಿ ನಕ್ಕೆ. ಕೋಣೆಗೆ ಬಂದ ಮೇಲೆ ಇವರು ಸಂಜೆಯವರೆಗೆ ಕಿಟಕಿಯ ಬಳಿಯೇ ಕೂತಿದ್ದರು. "ಹೊಸಯಲ್ಲಾಪುರದ ಕಡೆಯವರು ಅನಸ್ತದ" ಎಂದು ಧಾರವಾಡದ ಒಂದು ಓಣಿಯ ಹೆಸರು ಹಿಡಿದು ಒಂದೇ ಮಾತು ಅಂದರು. ಆಗ ನನ್ನ ನಗು ನಿಂತಿತು. ನನಗೆ ಒಂದು ಕೋಣೆ ಕೊಡಲು ಈ ಮನುಷ್ಯ ಏನು ಬಿಟ್ಟಿದ್ದಾರೆಂದು ಗೊತ್ತಾಯಿತು. ಗೊತ್ತಾದ ಮೇಲೂ, ಹೋಗಿ ಮಾತಾಡಿಸಿಬನ್ನಿ ಅನ್ನಲು ನನಗೆ ಬಾಯಿ ಬರಲಿಲ್ಲ. ಆ ಕೋಣೆಯ ಆಸೆ ಅಷ್ಟಿತ್ತು.

ಮೊಮ್ಮಗಳು ಫೋನು ಹಿಡಿದು ಇನ್ನೂ ಕಾಯುತ್ತಿದ್ದಳು. "ಅಜ್ಜಿ, ಉದಯಪುರದಲ್ಲಿ ಅಪ್ನಾ ಕೋಯಿ ರಿಲೇಟಿವ್ ಇದ್ದಾರಾ? ನಹೀ ತೋ ಹೋಟೆಲ್ ಬುಕ್ ಮಾಡ್ತೀನಿ."

ಜಯಪುರದ ವೈನಿ ಹೋಗಿ ಎಷ್ಟೋ ವರ್ಷವಾಯಿತು. ದಿಲ್ಲಿಯ ಮನೆ ಮಾರಿದರು. ಅಹಮದಾಬಾದಿನವರ ಮಕ್ಕಳಿಗೆ ನಮ್ಮ ಹೆಸರೂ ಗೊತ್ತಿಲ್ಲ. ಭೋಪಾಳದ ಮಾಮಾನಿಂದ ಹಿಡಿದು ಲೋಕಲ್ಲಿನ ಇಸ್ಪೀಟಿನ ಗೆಳೆಯರವರೆಗೆ ಒಬ್ಬೊಬ್ಬರೇ ಇಳಿದುಹೋದರು. ನಾನು ಬಯಸಿದ್ದೆನಲ್ಲ, ಈಗ ಇಡೀ ಭಾರತ ಹಾಗೆಯೇ ಆಗಿದೆ. ನಕಾಶೆಯ ಮೇಲೆ ಎಲ್ಲಿ ಬೆರಳಿಟ್ಟರೂ ನಮ್ಮವರಿಲ್ಲದ ಊರು. ಹೀಗೆ ಸಿಗಲಿ ಎಂದು ನಾನು ಕೇಳಿರಲಿಲ್ಲ.

ಕಿಟಕಿಯ ಪಕ್ಕ ಕುರ್ಚಿಯಲ್ಲಿ ಕೂತಿದ್ದ ಇವರು, ಕಿವಿ ಮಂದವಾದರೂ ಇಂಥ ಮಾತು ಹೇಗೋ ಕೇಳಿಸಿಕೊಳ್ಳುತ್ತಾರೆ, ನಿಧಾನವಾಗಿ ಇತ್ತ ತಿರುಗಿದರು. "ಅಲ್ಲೆ ನಮ್ಮವರು ಯಾರೂ ಇಲ್ಲ" ಅಂದರು. ಆಮೇಲೆ ನನ್ನನ್ನು ಚೇಷ್ಟೆಯಿಂದ ನೋಡಿ, "ನಿನಗ ಚೊಲೋನ ಆತಲ್ಲ" ಅಂದರು. ನಗುತ್ತಿದ್ದರು, ಆದರೆ ಕಣ್ಣು ನಗುತ್ತಿರಲಿಲ್ಲ.

ನಾನು ಎದ್ದು ಹೋಗಿ ಅವರ ಹೆಗಲ ಮೇಲಿನ ಶಾಲು ಸರಿಮಾಡಿದೆ.

"ಅದಾರಲ್ಲರೀ ಒಬ್ಬರು. ಕರಕೊಂಡ ಹೊಂಟೀನಿ."